ಬಿದ್ದಲ್ಲಿಂದ ಮುಂದಿನ ಏಟು

ಗಾಲ್ಫ್ ಆಟವನ್ನು ಮೊದಲ ಸಲ ಬೇಲಿಯ ಹೊರಗೆ ನಿಂತು ನೋಡುವವನಿಗೆ ಅದೊಂದು ಆಟವೆಂದೇ ತೋರುವುದಿಲ್ಲ. ವಯಸ್ಸಾದ, ಗೌರವಸ್ಥರಾದ ನಾಲ್ವರು ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ. ನಿಂಬೆಹಣ್ಣಿನ ಗಾತ್ರದ ಬಿಳಿಯ ಚೆಂಡೊಂದನ್ನು ಹುಲ್ಲಿನ ಮೇಲಿಟ್ಟು, ಪೂಜೆಗೆ ನಿಂತವರಂತೆ ಬಹಳ ಹೊತ್ತು ಅದರ ಮುಂದೆ ತಲೆಬಾಗಿ, ಕೊನೆಗೆ ಕೋಲೆತ್ತಿ ಬಲವಾಗಿ ಬಾರಿಸುತ್ತಾರೆ. ಚೆಂಡು ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತದೆ. ಇಷ್ಟು ಶ್ರಮಪಟ್ಟು ಅಟ್ಟಿದ ಆ ಚೆಂಡನ್ನು ಹುಡುಕಿಕೊಂಡು ಹೋಗುವವರೂ ಅವರೇ. ಸಿಕ್ಕಿತೆಂದರೆ ಹಿಗ್ಗುವವರೂ ಅವರೇ. ಹಿಗ್ಗಿದ ಮರುಕ್ಷಣ ಅದನ್ನು ಮತ್ತೆ ಹೊಡೆದು ದೂರ ಮಾಡುವವರೂ ಅವರೇ. ಕಟ್ಟಕಡೆಗೆ ನಾಲ್ಕೂಕಾಲು ಅಂಗುಲ ಅಗಲದ ಒಂದು ಗುಳಿಯೊಳಕ್ಕೆ ಚೆಂಡು ಬಿದ್ದರೆ, ಅದನ್ನು ಹೊರತೆಗೆದು ಇನ್ನೊಂದು ಗುಳಿಯತ್ತ ಹೊರಡುತ್ತಾರೆ. ಹೀಗೆ ಹದಿನೆಂಟು ಗುಳಿ.

ಈ ವಿವರವನ್ನು ಮನೆಯಲ್ಲಿರುವ ಅಜ್ಜಿಗೆ ಹೇಳಿದರೆ, “ಅಷ್ಟು ಹತ್ತಿರ ಹೋದಮೇಲೆ ಕೈಯಿಂದ ಎತ್ತಿ ಒಳಗೆ ಹಾಕಿದರೆ ಆಗದೇನಪ್ಪ?” ಎಂದು ಕೇಳಿಯಾಳು. ಆಕೆಯ ಪ್ರಶ್ನೆಗೆ ಗಾಲ್ಫ್ ಪ್ರಪಂಚದಲ್ಲಿ ಉತ್ತರವಿಲ್ಲ.

ಸ್ಕಾಟ್ಲೆಂಡಿನ ಜನಕ್ಕೆ ಈ ಹುಚ್ಚು ಹಿಡಿದು ಐನೂರು ವರ್ಷಗಳ ಮೇಲಾಯಿತು. 1457ರಲ್ಲಿ ಎರಡನೆಯ ಜೇಮ್ಸ್ ದೊರೆಯ ಕಾಲದ ಪಾರ್ಲಿಮೆಂಟು, ಪ್ರಜೆಗಳು ಬಿಲ್ವಿದ್ಯೆಯನ್ನು ಮರೆತಾರೆಂಬ ಚಿಂತೆಯಿಂದ ಕಾಲ್ಚೆಂಡನ್ನೂ ಗಾಲ್ಫನ್ನೂ ನಿಷೇಧಿಸಿತು. ಆದರೆ 1502ರಲ್ಲಿ ಅದೇ ದೊರೆಯ ಮೊಮ್ಮಗ ನಾಲ್ಕನೆಯ ಜೇಮ್ಸ್, ಪರ್ತ್ ಎಂಬ ಊರಿನ ಬಿಲ್ಲುಗಾರನ ಬಳಿಯಲ್ಲಿಯೇ ಗಾಲ್ಫ್ ಕೋಲುಗಳನ್ನು ಮಾಡಿಸಿ ಕೊಂಡನೆಂದು ಅರಮನೆಯ ಲೆಕ್ಕದಲ್ಲಿ ಬರೆದಿದೆ! ಸೇಂಟ್ ಆಂಡ್ರೂಸ್ ಎಂಬ ಕಡಲತೀರದ ಊರಿನಲ್ಲಿ ಇಪ್ಪತ್ತೆರಡಿದ್ದ ಗುಳಿಗಳ ಆಟ 1764ರಲ್ಲಿ ಹದಿನೆಂಟಕ್ಕೆ ಇಳಿಯಿತು. ಮುಂದೆ ಲೋಕವೆಲ್ಲ ಆ ಲೆಕ್ಕವನ್ನೇ ಒಪ್ಪಿತು. ಬ್ರಿಟಿಷರ ಸಾಮಾನಿನೊಡನೆ ಹಡಗೇರಿದ ಆಟ 1829ರಲ್ಲಿ ಕಲ್ಕತ್ತೆಯಲ್ಲಿ ನೆಲೆ ಕಂಡಿತು. 1876ರಲ್ಲಿ ಬೆಂಗಳೂರಿನಲ್ಲಿಯೂ ಗಾಲ್ಫ್ ಕ್ಲಬ್ಬು ಹುಟ್ಟಿತು. ಆ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದಾಗ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲಿಯೂ ಮುಂಜಾನೆಯೇ ಎದ್ದು ಉಸಿರು ಬಿಗಿಹಿಡಿದು ನೋಡಿದವರುಂಟು.

ಹಾಗಾದರೆ ಈ ಆಟದ ಸೆಳೆತವಿರುವುದಾದರೂ ಎಲ್ಲಿ?

ಉಳಿದ ಆಟಗಳಲ್ಲಿ ಸೋತವನಿಗೆ ಹೇಳಿಕೊಳ್ಳಲು ಒಂದು ನೆಪ ಇದ್ದೇ ಇರುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡು ಅಡ್ಡ ತಿರುಗಿತು, ಅಂಪೈರಿನ ಕಣ್ಣು ಮಂಜಾಯಿತು. ಕಬಡ್ಡಿಯಲ್ಲಿ ಎದುರಾಳಿ ಕಾಲು ಹಿಡಿದ. ಗಾಲ್ಫಿನಲ್ಲಿ ಚೆಂಡು ನಿಶ್ಚಲವಾಗಿ ನೆಲದ ಮೇಲೆ ಕುಳಿತಿರುತ್ತದೆ. ಅದನ್ನು ಯಾರೂ ಎಸೆದಿಲ್ಲ, ಯಾರೂ ತಡೆಯುತ್ತಿಲ್ಲ. ಹೊಡೆಯುವವನಿಗೆ ಬೇಕಾದಷ್ಟು ಸಮಯವುಂಟು. ಇಷ್ಟಾದ ಮೇಲೂ ಚೆಂಡು ಪೊದೆಗೆ ನುಗ್ಗಿತೆಂದರೆ ತಪ್ಪನ್ನು ಹೊರಿಸಲು ತನ್ನ ಹೊರತು ಮತ್ತೊಬ್ಬರಿಲ್ಲ. ಎಲ್ಲಕ್ಕಿಂತ ಕಷ್ಟದ ಸಂಗತಿಯೆಂದರೆ, ತಪ್ಪು ಮಾಡಿದ ಮೇಲೆ ಮುಂದಿನ ಏಟಿಗೆ ನೂರಾರು ಗಜ ನಡೆದು ಹೋಗಬೇಕು. ಆ ನಡಿಗೆಯುದ್ದಕ್ಕೂ ತನ್ನ ತಪ್ಪು ತನ್ನ ಜೊತೆಯಲ್ಲಿಯೇ ಹೆಜ್ಜೆಹಾಕುತ್ತದೆ.

ಆದರೂ ಜನ ಮರುದಿನ ಮತ್ತೆ ಬರುತ್ತಾರೆ. ನೂರು ಏಟು ಕೆಟ್ಟ ದಿನದಲ್ಲಿಯೂ ಒಂದೇ ಒಂದು ಏಟು, ಹೇಗೋ ಏನೋ, ಮನಸ್ಸಿಗೆ ಬಂದಂತೆಯೇ ಹೋಗಿಬಿಡುತ್ತದೆ. ಕೋಲಿಗೆ ಚೆಂಡು ತಗುಲಿದ್ದೇ ಕೈಗೆ ತಿಳಿಯುವುದಿಲ್ಲ. ಚೆಂಡು ಮೇಲೇರಿ, ತುಸು ಹೊತ್ತು ನಿಂತಂತಾಗಿ, ಗುಳಿಯ ಬಳಿ ಮೆತ್ತಗೆ ಇಳಿಯುತ್ತದೆ. ಮನೆಗೆ ಹಿಂದಿರುಗಿದವನ ನೆನಪಿನಲ್ಲಿ ಉಳಿಯುವುದು ಆ ಒಂದು ಏಟು. ಉಳಿದ ತೊಂಬತ್ತೊಂಬತ್ತನ್ನು ಅದು ಮರೆಸುತ್ತದೆ. ಇದರ ಮೇಲೆ ಆಟದ ಹಿರಿಯರು ಇನ್ನೊಂದು ಉದಾರವಾದ ಏರ್ಪಾಡನ್ನು ಮಾಡಿಟ್ಟಿದ್ದಾರೆ. ಅದಕ್ಕೆ ಹ್ಯಾಂಡಿಕ್ಯಾಪ್ ಎಂದು ಹೆಸರು. ಕೈಲಾಗದವನಿಗೆ ಅವನ ಶಕ್ತಿಗೆ ತಕ್ಕಂತೆ ಕೆಲವು ಏಟುಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ಸಾಧಾರಣ ಗುಮಾಸ್ತೆಯೊಬ್ಬ ಮಹಾ ನಿಪುಣನ ಜೊತೆಯಲ್ಲಿ ಆಡಿ, ಅವಮಾನಪಡದೆ ಗೆಲ್ಲಲೂಬಹುದು. ದುರ್ಬಲನನ್ನು ದುರ್ಬಲನೆಂದು ಒಪ್ಪಿಕೊಂಡು, ಅದಕ್ಕಾಗಿ ಹಂಗಿಸದೆ, ಜೊತೆಗೆ ಕರೆದುಕೊಂಡು ಹೋಗುವ ಆಟಗಳು ಲೋಕದಲ್ಲಿ ಬಹಳವಿಲ್ಲ.

ಈ ಆಟದ ಇತಿಹಾಸದಲ್ಲಿ ಬಾಬಿ ಜೋನ್ಸ್ ಎಂಬ ಅಮೆರಿಕನ್ನನ ಹೆಸರು ದೊಡ್ಡದು. 1921ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗನಾಗಿದ್ದಾಗ, ಆತ ಸೇಂಟ್ ಆಂಡ್ರೂಸಿನಲ್ಲಿ ಬ್ರಿಟಿಷ್ ಓಪನ್ ಪಂದ್ಯವಾಡುತ್ತಿದ್ದ. ಮೂರನೆಯ ಸುತ್ತಿನ ಹನ್ನೊಂದನೆಯ ಗುಳಿಯ ಬಳಿ ಚೆಂಡು ಮರಳುಗುಂಡಿಗೆ ಬಿತ್ತು; ಹೊಡೆದಷ್ಟೂ ಹೊರಬರಲಿಲ್ಲ. ಆತ ಸಿಟ್ಟಿನಿಂದ ಚೆಂಡನ್ನು ಕೈಗೆತ್ತಿಕೊಂಡು ಸ್ಪರ್ಧೆಯನ್ನೇ ಬಿಟ್ಟುಬಿಟ್ಟ. ನಾಲ್ಕು ವರ್ಷಗಳ ತರುವಾಯ, 1925ರ ಅಮೆರಿಕನ್ ಓಪನ್ನಿನಲ್ಲಿ, ಏಟಿಗೆ ಸಿದ್ಧನಾಗುತ್ತಿದ್ದಾಗ ಹುಲ್ಲಿನಲ್ಲಿದ್ದ ಚೆಂಡು ಕೂದಲೆಳೆಯಷ್ಟು ಅಲುಗಿತೆಂದು ತಾನೇ ಹೇಳಿ, ಮತ್ತಾರೂ ಕಾಣದ ಆ ತಪ್ಪಿಗೆ ತನ್ನ ಮೇಲೆ ತಾನೇ ಒಂದು ಏಟಿನ ದಂಡ ಹಾಕಿಕೊಂಡ. ಆ ಒಂದು ಏಟಿನಿಂದ ಗೆಲುವು ಸಮಬಲಕ್ಕೆ ಇಳಿದು, ಮರುಪಂದ್ಯದಲ್ಲಿ ಆತ ಸೋತ. 1927ರಲ್ಲಿ ಅದೇ ಸೇಂಟ್ ಆಂಡ್ರೂಸಿಗೆ ಹಿಂದಿರುಗಿ ಬ್ರಿಟಿಷ್ ಓಪನ್ ಗೆದ್ದ. 1930ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿಗೇ, ಗೆಲ್ಲಬಹುದಾದುದನ್ನೆಲ್ಲ ಗೆದ್ದು ಸ್ಪರ್ಧೆಗಳಿಂದ ನಿವೃತ್ತನಾದ. ಮುಂದೆ ಬೆನ್ನುಹುರಿಯ ಕಾಯಿಲೆ ಬಂದು, 1948ರ ಮೇಲೆ ಗಾಲ್ಫ್ ಕೋಲನ್ನೇ ಹಿಡಿಯಲಾರದಂತಾಯಿತು. 1958ರಲ್ಲಿ ಸೇಂಟ್ ಆಂಡ್ರೂಸಿನ ಜನ, ನಡೆಯಲೂ ಕಷ್ಟಪಡುತ್ತಿದ್ದ ಆತನನ್ನು ಕರೆಸಿ ತಮ್ಮ ಊರಿನ ಗೌರವ ಪೌರತ್ವವನ್ನು ಕೊಟ್ಟರು. ಮೂವತ್ತೇಳು ವರ್ಷಗಳ ಹಿಂದೆ ಆಟ ಬಿಟ್ಟು ಹೊರಟವನಿಗೆ, ಅದೇ ಊರು ಎದ್ದು ನಿಂತು ಹಾಡು ಹೇಳಿ ಬೀಳ್ಕೊಟ್ಟಿತು. ಆತ 1971ರಲ್ಲಿ ತೀರಿಕೊಂಡ.

ಇಂಥ ಕಥೆಯಿಂದ ನೀತಿಯೊಂದನ್ನು ಎತ್ತಿ ತೆಗೆಯುವುದು ಬಹಳ ಸುಲಭ. ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಂದಲೇ ಆಡಬೇಕು, ಬಾಳೂ ಹಾಗೆಯೇ, ಎದೆಗೆಡಬಾರದು! ಮದುವೆಯ ಮನೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬಿದ್ದೀತು. ಆದರೆ ಅದೇ ಆಟದ ಇತಿಹಾಸದಲ್ಲಿ ಈ ನೀತಿಗೆ ಎಟುಕದ ಇನ್ನೊಂದು ಪುಟವುಂಟು.

2024ರ ಜನವರಿಯಲ್ಲಿ, ಹವಾಯಿಯ ಹೊನೊಲುಲು ನಗರದಲ್ಲಿ, ಗ್ರೇಸನ್ ಮರ್ರೇ ಎಂಬ ಅಮೆರಿಕನ್ ಆಟಗಾರ ಸೋನಿ ಓಪನ್ ಸ್ಪರ್ಧೆಯನ್ನು ಗೆದ್ದ. ಮೂವರು ಸಮಬಲರಾಗಿ ನಿಂತಿದ್ದಾಗ, ನಲವತ್ತು ಅಡಿಗಳಷ್ಟು ದೂರದಿಂದ ಚೆಂಡನ್ನು ಗುಳಿಗೆ ಉರುಳಿಸಿ ಗೆದ್ದ ಗೆಲುವು ಅದು. ಕುಡಿತದೊಡನೆ, ಖಿನ್ನತೆಯೊಡನೆ, ಆತಂಕದೊಡನೆ ತಾನು ಹೋರಾಡಿದುದನ್ನು ಆತ ಮುಚ್ಚಿಡಲಿಲ್ಲ. ತಾನೊಬ್ಬ ವಿಫಲನೆಂದೂ ತನ್ನ ಪ್ರತಿಭೆಯೆಲ್ಲ ವ್ಯರ್ಥವೆಂದೂ ಬಹಳ ಕಾಲ ತಿಳಿದಿದ್ದುದಾಗಿ ಗೆದ್ದ ದಿನವೇ ಎಲ್ಲರೆದುರು ಹೇಳಿದ. ಕುಡಿತವನ್ನು ಬಿಟ್ಟು ಹಲವು ತಿಂಗಳಾಗಿತ್ತು, ಮದುವೆಯೂ ನಿಶ್ಚಯವಾಗಿತ್ತು. ಅದೇ ವರ್ಷದ ಮೇ 24ರಂದು ಟೆಕ್ಸಾಸಿನ ಪಂದ್ಯವೊಂದರಿಂದ ಅಸ್ವಸ್ಥತೆಯ ಕಾರಣ ಹೇಳಿ ಹಿಂದೆ ಸರಿದ ಆತ, ಮರುದಿನ ತನ್ನ ಮೂವತ್ತನೆಯ ವಯಸ್ಸಿನಲ್ಲಿ ಪ್ರಾಣ ತ್ಯಜಿಸಿದ. ತಂದೆತಾಯಿಗಳು ಈ ಸಂಗತಿಯನ್ನು ಮರೆಮಾಚದೆ ಲೋಕಕ್ಕೆ ತಿಳಿಸಿದರು. ಒಬ್ಬರೊಡನೊಬ್ಬರು ದಯೆಯಿಂದ ನಡೆದುಕೊಳ್ಳಿ ಎಂಬುದೊಂದೇ ಅವರ ಬೇಡಿಕೆಯಾಗಿತ್ತು.

ಬಿದ್ದಲ್ಲಿಂದ ಆಡುವುದನ್ನು ಮರ್ರೇಗೆ ಯಾರು ಕಲಿಸಬೇಕಾಗಿತ್ತು? ಅದು ಆತನ ಕಸುಬೇ ಆಗಿತ್ತು. ಮುಂದಿನ ಏಟಿನಲ್ಲಿ ನಂಬಿಕೆಯಿಟ್ಟು ನಲವತ್ತು ಅಡಿ ದೂರದಿಂದ ಗೆದ್ದವನು ಆತ. ಆದುದರಿಂದ ಜೋನ್ಸ್ ಧೀರ, ಮರ್ರೇ ದುರ್ಬಲ ಎಂದು ತಕ್ಕಡಿ ಹಿಡಿಯುವವರು ಗಾಲ್ಫನ್ನೂ ಅರಿತವರಲ್ಲ, ಮನುಷ್ಯನ ಮನಸ್ಸನ್ನೂ ಅರಿತವರಲ್ಲ. ಶ್ವಾಸಕೋಶದ ಕಾಯಿಲೆಯಲ್ಲಿ ಉಸಿರು ಕಟ್ಟಿದವನನ್ನು ಹೇಡಿಯೆಂದು ಯಾರೂ ಕರೆಯುವುದಿಲ್ಲ. ಮನಸ್ಸಿಗೆ ಉಸಿರು ಕಟ್ಟಿದವನ ವಿಷಯದಲ್ಲಿ ಮಾತ್ರ ಲೋಕದ ನಾಲಿಗೆ ಹರಿತವಾಗುತ್ತದೆ.

ಆತ್ಮಹತ್ಯೆ ಎಂಬ ಮಾತಿನಲ್ಲಿಯೇ ಈ ಕಾಠಿಣ್ಯ ಅಡಗಿದೆ. ಬ್ರಹ್ಮಹತ್ಯೆ, ಗೋಹತ್ಯೆ, ಶಿಶುಹತ್ಯೆ — ಈ ಘೋರ ಪಾತಕಗಳ ಸಾಲಿನಲ್ಲಿ ನಿಲ್ಲಿಸಿದ ಪದ ಅದು. ಸತ್ತವನೇ ಅಲ್ಲಿ ಕೊಲೆಗಾರ. ಕಾನೂನೂ ಬಹುಕಾಲ ಹಾಗೆಯೇ ನೋಡಿತು. ಇಂಗ್ಲೆಂಡಿನಲ್ಲಿ ಅದು ಅಪರಾಧವಾಗಿ ಉಳಿದಿತ್ತು. 1961ರಲ್ಲಿ ಆ ಕಾನೂನು ರದ್ದಾಯಿತು. 1860ರ ಭಾರತೀಯ ದಂಡಸಂಹಿತೆಯ 309ನೆಯ ಕಲಮು, ಸಾಯಲೆತ್ನಿಸಿ ಬದುಕುಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ವಿಧಿಸಬಹುದೆಂದು ಹೇಳುತ್ತಿತ್ತು. ಬಾಳು ಸಾಕೆನಿಸಿದವನಿಗೆ ಬಾಳಿನಲ್ಲಿ ರುಚಿ ಹುಟ್ಟಿಸಲು ಸೆರೆಮನೆಯನ್ನು ತೋರಿಸಿದ ಬುದ್ಧಿವಂತಿಕೆ ಅದು! 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮೊದಲ ಬಾರಿಗೆ ಬೇರೆ ದನಿಯಲ್ಲಿ ಮಾತನಾಡಿತು. ಅಂಥವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು, ಅವನನ್ನು ಶಿಕ್ಷಿಸಕೂಡದು, ಅವನಿಗೆ ಆರೈಕೆಯನ್ನು ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಅದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಸರ್ಕಾರಿ ಅಧಿಕಾರಿಯನ್ನು ಬಲವಂತಪಡಿಸಲು ಮಾಡುವ ಪ್ರಯತ್ನವೊಂದು ಮಾತ್ರ ಅಪರಾಧವಾಗಿ ಉಳಿದಿದೆ. ಕಾನೂನು ಮೆತ್ತಗಾಗಲು ನೂರೈವತ್ತು ವರ್ಷಗಳಿಗೂ ಮೇಲೆ ಬೇಕಾಯಿತು. ನೆರೆಹೊರೆಯ ಮಾತು ಮೆತ್ತಗಾಗಲು ಇನ್ನೆಷ್ಟು ಕಾಲ ಬೇಕೋ!

ಈ ದುಃಖದ ಹರವು ಸಣ್ಣದಲ್ಲ. ಸರ್ಕಾರದ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 1,70,924 ಮಂದಿ ಹೀಗೆ ತೀರಿಕೊಂಡರು. ಕುಟುಂಬದ ತೊಡಕು, ಕಾಯಿಲೆ, ಸಾಲ, ಪರೀಕ್ಷೆ ಎಂದು ಪೋಲೀಸರ ಪಟ್ಟಿಯಲ್ಲಿ ಒಬ್ಬೊಬ್ಬರ ಮುಂದೆ ಒಂದೊಂದು ಕಾರಣವಿರುತ್ತದೆ. ನಿಜಸ್ಥಿತಿ ಅಷ್ಟು ಸರಳವಲ್ಲ. ಹಲವು ಎಳೆಗಳು ಹೆಣೆದುಕೊಂಡು ಬಿಗಿದ ಗಂಟು ಅದು. ಕಡೆಯ ಎಳೆಯೊಂದೇ ಜನರ ಕಣ್ಣಿಗೆ ಬೀಳುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ತನ್ನ ಆಯುಷ್ಯದ ಬಹುಭಾಗವನ್ನು ಈ ಗಂಟಿನ ಅಧ್ಯಯನಕ್ಕೆ ಮುಡುಪಾಗಿಟ್ಟಿದ್ದ. ಸಾಯಹೊರಟವನು ಬಯಸುವುದು ಸಾವನ್ನಲ್ಲ, ಸಹಿಸಲಾಗದ ನೋವಿನ ಕೊನೆಯನ್ನು ಎಂಬುದು ಆತ ಕಂಡ ಸತ್ಯ. ಆ ನೋವಿನಲ್ಲಿ ಮನಸ್ಸಿನ ದೃಷ್ಟಿ ಕಿರಿದಾಗುತ್ತ ಹೋಗುತ್ತದೆ. ಹತ್ತು ದಾರಿಗಳಿರುವ ಕಡೆ ಎರಡೇ ಕಾಣುತ್ತವೆ. ಕ್ರಮೇಣ ಒಂದೇ ಕಾಣುತ್ತದೆ. ಹೆಂಡತಿ ಮಕ್ಕಳು ನೆನಪಾಗಲಿಲ್ಲವೆ ಎಂದು ಕೇಳುವವರು ಇದನ್ನು ತಿಳಿಯಬೇಕು. ನೆನಪಾಗಿರುತ್ತಾರೆ, ತಾನಿಲ್ಲದಿದ್ದರೆ ಅವರ ಭಾರ ಇಳಿಯುವುದೆಂದು ಆ ಕಿರಿದಾದ ದೃಷ್ಟಿ ಅವನನ್ನು ನಂಬಿಸಿರುತ್ತದೆ.

ಆದರೆ ಈ ಕತ್ತಲೆ ಶಾಶ್ವತವಾದುದಲ್ಲ. ಕ್ಯಾಲಿಫೋರ್ನಿಯಾದ ರಿಚರ್ಡ್ ಸೈಡನ್ ಎಂಬ ವಿದ್ವಾಂಸ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1937ರಿಂದ 1971ರವರೆಗೆ ಸಾಯಹೊರಟು ಕಡೆಯ ಗಳಿಗೆಯಲ್ಲಿ ಯಾರಿಂದಲೋ ತಡೆಯಲ್ಪಟ್ಟ 515 ಮಂದಿಯ ಮುಂದಿನ ಬಾಳನ್ನು ಹುಡುಕಿ, 1978ರಲ್ಲಿ ಪ್ರಕಟಿಸಿದ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಂದೋ ಬದುಕಿದ್ದರು, ಇಲ್ಲವೆ ಕಾಲಬಂದು ಸಹಜವಾಗಿ ತೀರಿಕೊಂಡಿದ್ದರು. ಇಂದು ತಡೆದರೆ ನಾಳೆ ಸಾಯುತ್ತಾರೆ, ತಡೆದು ಫಲವೇನು ಎಂಬ ಹಳೆಯ ಮಾತು ಸುಳ್ಳೆಂದು ಇದರಿಂದ ತಿಳಿಯಿತು. ಗಳಿಗೆಯೊಂದು ದಾಟಿದರೆ ಬಾಳು ತನ್ನ ಹಳೆಯ ಹರಿವಿಗೆ ಮೆಲ್ಲನೆ ಮರಳಬಲ್ಲದು.

ಇಲ್ಲಿ ಗಾಲ್ಫಿನ ಇನ್ನೊಂದು ನಿಯಮವನ್ನು ನೆನೆಯಬೇಕು. ಚೆಂಡು ಬಿದ್ದಲ್ಲಿಂದಲೇ ಆಡಬೇಕೆಂಬುದು ಎಲ್ಲರೂ ಬಲ್ಲ ನಿಯಮ. ಅದರ ಬೆನ್ನಿಗೇ ಇರುವ ನಿಯಮ ಅಷ್ಟಾಗಿ ಪ್ರಸಿದ್ಧವಲ್ಲ. ಚೆಂಡು ಬೇರಿನ ಸಂದಿಗೋ ಮುಳ್ಳುಪೊದೆಗೋ ಸಿಕ್ಕಿಬಿದ್ದರೆ, ಆಟಗಾರ ಅದನ್ನು ಆಡಲಾಗದ ಚೆಂಡೆಂದು ಸಾರಬಹುದು. ಹಾಗೆ ಸಾರುವ ಹಕ್ಕು ಅವನೊಬ್ಬನದೇ. ‘ಅಲ್ಲಿಂದ ಹೊಡೆಯಬಹುದಲ್ಲ, ನಾನಾಗಿದ್ದರೆ ಹೊಡೆಯುತ್ತಿದ್ದೆ’ ಎಂದು ಎದುರಾಳಿ ಹೇಳುವಂತಿಲ್ಲ. ಹಾಗೆಂದು ಆತ ಮೈದಾನವನ್ನು ಬಿಟ್ಟು ಹೋಗಬೇಕಾಗಿಯೂ ಇಲ್ಲ. ಒಂದು ಏಟಿನ ದಂಡ ತೆತ್ತರೆ, ಮೊದಲು ಹೊಡೆದ ಕಡೆಗೇ ಹಿಂದಿರುಗಬಹುದು. ಗುಳಿಯ ನೇರಕ್ಕೆ ಹಿಂದೆ ಹಿಂದೆ ಸರಿಯಬಹುದು. ಎರಡು ಕೋಲುಗಳಳತೆಯಷ್ಟು ಪಕ್ಕಕ್ಕೆ ಚೆಂಡನ್ನು ಇಟ್ಟುಕೊಳ್ಳಬಹುದು. ದಾರಿ ಒಂದಲ್ಲ, ಮೂರು. ಆ ಹೊತ್ತಿನಲ್ಲಿ ಆತ ಸಲಹೆ ಕೇಳಲು ಕೋಲುಚೀಲ ಹೊತ್ತು ಜೊತೆಯಲ್ಲಿ ನಡೆಯುವ ಕ್ಯಾಡಿಯೂ ಉಂಟು.

ನೊಂದವನ ಮನೆಯವರಿಗೆ, ಸ್ನೇಹಿತರಿಗೆ ಈ ನಿಯಮದಲ್ಲಿ ಬೇಕಾದುದೆಲ್ಲ ಇದೆ. ನೋವು ಎಷ್ಟೆಂದು ಅಳೆಯುವ ಹಕ್ಕು ನೊಂದವನದು. ‘ಇಷ್ಟಕ್ಕೆಲ್ಲ ಹೀಗೆ ಮಾಡುತ್ತಾರೆಯೆ?’ ಎಂಬ ಪ್ರಶ್ನೆ ಅಲ್ಲಿ ಸಲ್ಲದು. ಬೇರೆ ದಾರಿಗಳಿವೆಯೆಂದು ಅವನ ಕಣ್ಣಿಗೆ ಕಾಣದಿದ್ದಾಗ, ಪಕ್ಕದಲ್ಲಿ ನಡೆಯುವವನ ಕಣ್ಣಿಗೆ ಅವು ಕಾಣಬೇಕು. ಎರಡು ಕೋಲುಗಳಷ್ಟು ಪಕ್ಕಕ್ಕೆ ಸರಿಯುವುದೆಂದರೆ ಕೆಲವೊಮ್ಮೆ ಒಂದು ವರ್ಷ ಓದು ನಿಲ್ಲಿಸುವುದಿರಬಹುದು, ಕೆಲಸ ಬಿಡುವುದಿರಬಹುದು, ತವರಿಗೆ ಬಂದಿರುವುದಿರಬಹುದು, ವೈದ್ಯರ ಔಷಧವಿರಬಹುದು. ಒಂದು ಏಟಿನ ನಷ್ಟ ಅದು, ಆಟ ಉಳಿಯುತ್ತದೆ.

ಪಕ್ಕದಲ್ಲಿ ನಡೆಯುವುದರ ಬೆಲೆಯನ್ನು ಲಂಡನ್ನಿನ ಚಾಡ್ ವಾರಾ ಎಂಬ ಪಾದ್ರಿ ಕಂಡುಕೊಂಡ ಬಗೆ ಸ್ವಾರಸ್ಯವಾಗಿದೆ. ಎಳೆಯ ವಯಸ್ಸಿನಲ್ಲಿ ಆತ ಮೊದಲು ನಡೆಸಿಕೊಟ್ಟ ಉತ್ತರಕ್ರಿಯೆ ಪುಟ್ಟ ಹುಡುಗಿಯೊಬ್ಬಳದು. ಮೈನೆರೆದುದನ್ನು ಭಯಂಕರ ರೋಗವೆಂದು ತಿಳಿದು, ಕೇಳಲು ಯಾರೂ ಇಲ್ಲದೆ ಪ್ರಾಣ ಬಿಟ್ಟವಳು ಅವಳು. ಆ ನೆನಪನ್ನು ಹೊತ್ತೇ ಆತ 1953ರಲ್ಲಿ, ಸಾಯಬೇಕೆನ್ನುವವರು ಬಂದು ಮಾತನಾಡಲೆಂದು ಟೆಲಿಫೋನು ಇಟ್ಟುಕೊಂಡು ಕುಳಿತ. ಬಂದವರಿಗೆ ತನ್ನ ಸರದಿ ಬರುವವರೆಗೆ ಚಹ ಕೊಟ್ಟು ಜೊತೆಗೆ ಕೂರಲು ಕೆಲವು ಸ್ವಯಂಸೇವಕರನ್ನು ಇರಿಸಿದ. ಸ್ವಲ್ಪ ಕಾಲದಲ್ಲೇ ಒಂದು ವಿಚಿತ್ರ ಕಂಡಿತು: ಚಹ ಕುಡಿಯುತ್ತ ಸ್ವಯಂಸೇವಕರೊಡನೆ ಮಾತನಾಡಿದ ಅನೇಕರು, ಪಾದ್ರಿಯನ್ನು ನೋಡುವ ಅಗತ್ಯವೇ ಇಲ್ಲವೆಂದು ಹಗುರಾಗಿ ಹಿಂದಿರುಗುತ್ತಿದ್ದರು. ಉಪದೇಶವಿಲ್ಲದೆ ಕೇಳುವ ಕಿವಿಯೇ ಅವರಿಗೆ ಬೇಕಾಗಿದ್ದ ಔಷಧವಾಗಿತ್ತು. ಸಮಾರಿಟನ್ಸ್ ಎಂಬ ಸಂಸ್ಥೆ ಬೆಳೆದುದು ಹೀಗೆ.

‘ಸಾಯಬೇಕೆನಿಸುತ್ತದೆಯೆ?’ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತೆಂದು ಮನೆಯವರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲವೆಂದು ವೈದ್ಯರು ಹೇಳುತ್ತಾರೆ. ಮೃದುವಾಗಿ, ನೇರವಾಗಿ ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಕೇಳಿದ ಮೇಲೆ ವಾದಕ್ಕಿಳಿಯದೆ ಕುಳಿತು ಕೇಳಿಸಿಕೊಳ್ಳಬೇಕು. ಅವನನ್ನು ಒಂಟಿಯಾಗಿ ಬಿಡಬಾರದು. ಅಪಾಯಕರವಾದ ವಸ್ತುಗಳನ್ನು ಕೈಗೆಟುಕದಂತೆ ಇಡಬೇಕು. ವೈದ್ಯರ ಬಳಿಗೆ ತಾವೇ ಜೊತೆಗೂಡಿ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ವೆಚ್ಚವಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಆ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದೇ ಮಾರ್ಗದರ್ಶನ. ನೊಂದವರಷ್ಟೇ ಅಲ್ಲದೆ, ಅವರಿಗಾಗಿ ಕಳವಳಪಡುತ್ತಿರುವ ಮನೆಯವರೂ ಆ ಸಂಖ್ಯೆಯನ್ನು ಬಳಸಬಹುದು.

ಇಷ್ಟೆಲ್ಲ ಮಾಡಿದರೂ ಕೆಲವರು ಕೈತಪ್ಪಿ ಹೋಗುತ್ತಾರೆ. ಮರ್ರೇಯ ಸುತ್ತ ಪ್ರೀತಿಸುವವರು ಇದ್ದರು; ಚಿಕಿತ್ಸೆಯೂ ನಡೆದಿತ್ತು. ಆದುದರಿಂದ ಅಂಥ ಸಾವು ಸಂಭವಿಸಿದ ಮನೆಯ ಮುಂದೆ ನಿಂತು, ಯಾರು ಎಲ್ಲಿ ತಪ್ಪಿದರೆಂದು ಲೆಕ್ಕಹಾಕುವುದು ಕ್ರೂರವಾದ ಕೆಲಸ. ಆ ಲೆಕ್ಕವನ್ನು ಮನೆಯವರು ಪ್ರತಿ ರಾತ್ರಿಯೂ ತಾವಾಗಿಯೇ ಹಾಕುತ್ತಿರುತ್ತಾರೆ. ಅಂದು ಫೋನು ಮಾಡಿದ್ದರೆ, ಅಂದು ಗದರದಿದ್ದರೆ ಎಂದು ತಮ್ಮನ್ನು ತಾವೇ ಸುಡಿಸಿಕೊಳ್ಳುತ್ತಾರೆ. ಬೇರೆ ಸಾವು ಸಂಭವಿಸಿದರೆ ಅನ್ನ ಬೇಯಿಸಿಕೊಂಡು ಓಡಿಬರುವ ನೆರೆಯವರು, ಈ ಸಾವಿಗೆ ಮಾತ್ರ ಬಾಗಿಲು ಮುಚ್ಚಿ ಪಿಸುಗುಟ್ಟುತ್ತಾರೆ.

ಆ ಮನೆಗೆ ಹೋಗಬೇಕು. ಹೇಗೆ, ಏಕೆ ಎಂದು ಕೇಳದೆ, ತಾಯಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತಿರಬೇಕು. ತೀರಿಕೊಂಡವನ ಹೆಸರನ್ನು ಹಿಂಜರಿಯದೆ ಹೇಳಿ, ಅವನು ಚೆನ್ನಾಗಿ ಹಾಡುತ್ತಿದ್ದುದನ್ನೋ, ಕೇರಿಯ ಮಕ್ಕಳಿಗೆ ಗಾಳಿಪಟ ಕಟ್ಟಿಕೊಡುತ್ತಿದ್ದುದನ್ನೋ ನೆನೆಯಬೇಕು. ಒಬ್ಬ ಮನುಷ್ಯನ ಬಾಳಿನಲ್ಲಿ ಸಾವಿರ ದಿನಗಳಿದ್ದುವು. ಕಡೆಯ ದಿನವೊಂದನ್ನೇ ಹಿಡಿದು ಅವನನ್ನು ಅಳೆಯುವುದು ನ್ಯಾಯವಲ್ಲ. ಕೆಟ್ಟ ನೂರು ಏಟುಗಳ ನಡುವೆ ಒಳ್ಳೆಯ ಒಂದನ್ನು ನೆನಪಿಡುವ ಔದಾರ್ಯವನ್ನು ಗಾಲ್ಫ್ ಆಡುವವರು ತಮ್ಮ ಮಟ್ಟಿಗೆ ತೋರಿಕೊಳ್ಳುತ್ತಾರೆ. ಅಗಲಿದವರ ವಿಷಯದಲ್ಲಿಯೂ ಅಷ್ಟು ಔದಾರ್ಯವನ್ನು ತೋರಿದರೆ, ಆ ತಾಯಿ ಅಂದು ಒಂದು ತುತ್ತು ಅನ್ನವನ್ನಾದರೂ ಉಂಡಾಳು.